‘ಒಳ್ಳೆಯ ಗ್ಯಾಸ್ಕೆಟ್ ಹಾಕಿ’ ಎಂದರೆ ಸಾಲದು

ನಮಸ್ಕಾರ.

ಸ್ನೋಮೊಬೈಲಿಗೆ (ಹಿಮದ ಮೇಲೆ ಓಡುವ ಗಾಡಿಗೆ) ಹೊಸ ಎಕ್ಸಾಸ್ಟ್ ಗ್ಯಾಸ್ಕೆಟ್, ಅಂದರೆ ಹೊಗೆ ಪೈಪಿನ ಜೋಡಣೆ ಸೋರದಂತೆ ನಡುವೆ ಕೂರಿಸುವ ಪದರ, ಆರಿಸುವುದು ಹೇಗೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಕೆನಡಾದಲ್ಲಿ ನೆಲೆಸಿ, ಹಳೆಯ ಗಾಡಿ ಕೊಂಡು, ರಿಪೇರಿಯನ್ನು ಆದಷ್ಟು ತಾವೇ ಮಾಡಿಕೊಳ್ಳುವ ಕನ್ನಡಿಗರಿಗಾಗಿ ಬರೆದಿದ್ದೀರಿ. ಇಂಥ ಬರಹ ಕನ್ನಡದಲ್ಲಿ ಬೇಕು, ಅನುಮಾನವಿಲ್ಲ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಓದಿ ಮುಗಿಸಿದವರು ಅಂಗಡಿಗೆ ಹೋಗಿ ಯಾವ ಗ್ಯಾಸ್ಕೆಟ್ ಕೇಳಬೇಕು ಅನ್ನುವುದು ಕೊನೆಯ ಸಾಲಿನವರೆಗೂ ಗೊತ್ತಾಗುವುದಿಲ್ಲ.

ಮೊದಲ ಪುಟವನ್ನು ತೆಗೆದುಬಿಡಿ. 1959ರಲ್ಲಿ ಕ್ವಿಬೆಕ್‌ನ ವಾಲ್ಕೂರ್‌ನಲ್ಲಿ ಬೊಂಬಾರ್ಡಿಯೆ ಕಂಪನಿ ಸ್ಕೀ-ಡೂ ಸ್ನೋಮೊಬೈಲ್ ತಯಾರಿಸಿದ್ದು ನಿಜ, ಆದರೆ ಸೋರುವ ಗಾಡಿ ಮುಂದಿಟ್ಟುಕೊಂಡವರಿಗೆ ಅದು ಈಗ ಬೇಡ. ಅವರಿಗೆ ಬೇಕಾದದ್ದು ಸೋರಿಕೆ ಎಲ್ಲಿಂದ ಅನ್ನುವುದು. ನೀವು ‘ಎಕ್ಸಾಸ್ಟ್ ಗ್ಯಾಸ್ಕೆಟ್’ ಎಂದು ಏಕವಚನದಲ್ಲೇ ಬರೆದುಕೊಂಡು ಹೋಗಿದ್ದೀರಿ. ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಗಾಡಿಯಲ್ಲಿ ಸೋರಬಹುದಾದ ಜಾಗಗಳಲ್ಲಿ ಮುಖ್ಯವಾದವು ಮೂರು. ಸಿಲಿಂಡರಿಗೂ ವೈ-ಪೈಪಿಗೂ (ಎರಡು ಸಿಲಿಂಡರಿನ ಹೊಗೆಯನ್ನು ಒಂದಾಗಿಸುವ ಕವಲು ಪೈಪು) ನಡುವಿನ ಚಪ್ಪಟೆ ಗ್ಯಾಸ್ಕೆಟ್ ಒಂದು. ವೈ-ಪೈಪಿನ ಬಾಯಿ ದೊಡ್ಡ ಹೊಟ್ಟೆಯ ಪೈಪಿಗೆ ಕೂರುವ ಗುಂಡು ಕೀಲು ಎರಡನೆಯದು. ಈ ಕೀಲನ್ನು ಸ್ಪ್ರಿಂಗುಗಳು ಹಿಡಿದಿರುತ್ತವೆ. ಕೆಲವು ಎಂಜಿನ್‌ಗಳಲ್ಲಿ ನಡುವೆ ಗ್ರಾಫೈಟಿನ ಬಳೆ ಇರುತ್ತದೆ, ಕೆಲವದರಲ್ಲಿ ಲೋಹದ ಮೇಲೆ ಲೋಹ ಕೂತು ತೆಳುವಾದ ಸಿಲಿಕೋನ್ ಮಾತ್ರ ಇರುತ್ತದೆ. ಮೂರನೆಯದು, ಪವರ್ ವಾಲ್ವ್ (ಎಕ್ಸಾಸ್ಟ್ ಪೋರ್ಟಿನ ಎತ್ತರ ಬದಲಿಸುವ ವಾಲ್ವ್) ಇರುವ ಗಾಡಿಗಳಲ್ಲಿ, ಅದರ ಮನೆಯ ಗ್ಯಾಸ್ಕೆಟ್. ಇದನ್ನು ನೀವು ಹೆಸರಿಸಿಯೇ ಇಲ್ಲ. ಸ್ಕೀ-ಡೂ ಗಾಡಿಗಳಿಗೆ ಎಂಜಿನ್ ಮಾಡುವ ರೋಟಾಕ್ಸ್‌ನವರು ರೇವ್ ಎಂದು ಕರೆಯುವ ಈ ವಾಲ್ವ್ ಎಕ್ಸಾಸ್ಟ್ ಪೋರ್ಟಿನ ಮೇಲುಗಡೆಯೇ ಕೂತಿರುತ್ತದೆ. ಅದು ಸೋರಿದರೆ ಕಪ್ಪು ಎಣ್ಣೆ ಕೆಳಗಿಳಿದು ವೈ-ಪೈಪಿನ ಫ್ಲ್ಯಾಂಜ್ (ಬೋಲ್ಟ್ ಹಾಕುವ ಚಪ್ಪಟೆ ಅಂಚು) ಮೇಲೆ ನಿಲ್ಲುತ್ತದೆ. ನೋಡಿದವರು ಫ್ಲ್ಯಾಂಜಿನ ಗ್ಯಾಸ್ಕೆಟ್ ಬದಲಿಸುತ್ತಾರೆ, ಸೋರಿಕೆ ಹಾಗೆಯೇ ಇರುತ್ತದೆ.

ಹಾಗಾಗಿ ಲೇಖನ ಪತ್ತೆ ಹಚ್ಚುವುದರಿಂದ ಶುರುವಾಗಲಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೀಲುಗಳನ್ನೆಲ್ಲ ಒರೆಸಿ, ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯನ್ನು ಸೈಲೆನ್ಸರಿನ ತುದಿಗೆ ಬಟ್ಟೆ ಸುತ್ತಿ ಹಿಡಿದು, ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಎದ್ದ ಜಾಗ ಕಣ್ಣಿಗೆ ಬೀಳುತ್ತದೆ. ನೀವು ಬರೆದಿರುವಂತೆ ಓಡುತ್ತಿರುವ ಎಂಜಿನ್ನಿನ ಪಕ್ಕ ಕೈ ಹಿಡಿದು ನೋಡುವ ವಿಧಾನವನ್ನು ದಯವಿಟ್ಟು ತೆಗೆಯಿರಿ. ಕೈ ಸುಡುತ್ತದೆ. ಚಳಿಗೆ ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಹೀಗೆ ಮಾಡಿದರೆ ಕಾರ್ಬನ್ ಮಾನಾಕ್ಸೈಡಿನಿಂದ ಪ್ರಾಣಕ್ಕೇ ಅಪಾಯ.

ಸೋರಿಕೆಯಿಂದ ‘ಶಬ್ದ ಹೆಚ್ಚುತ್ತದೆ’ ಎಂದಷ್ಟೇ ಹೇಳಿ ಮುಗಿಸಿದ್ದೀರಿ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಆ ಹೊಟ್ಟೆಯ ಪೈಪು ಹೊಗೆ ಹೊರಹಾಕುವುದಕ್ಕಷ್ಟೇ ಇರುವುದಲ್ಲ. ಅದರೊಳಗೆ ಹಿಂದಿರುಗುವ ಒತ್ತಡದ ಅಲೆ, ಪೋರ್ಟಿನಿಂದ ಆಚೆ ಜಾರಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ವಾಪಸ್ ತಳ್ಳುತ್ತದೆ. ಕೀಲು ಸೋರಿದರೆ ಅಲೆಯ ಬಲ ಕುಗ್ಗಿ ಎಳೆತ ಕಡಿಮೆಯಾಗುತ್ತದೆ. ಜೊತೆಗೆ ಬಿಸಿ ಗಾಳಿ ಬಾನೆಟ್ಟಿನೊಳಗೆ ನುಗ್ಗಿ ಪ್ಲಾಸ್ಟಿಕ್ ಪ್ಯಾನೆಲ್ಲು, ವೈರಿಂಗ್ ಕರಗುತ್ತದೆ. ಯೆಜ್ಡಿಯನ್ನೋ ಆರ್‌ಎಕ್ಸ್ 100 ಅನ್ನೋ ಬಿಚ್ಚಿ ಕಟ್ಟಿದ ಓದುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಟೂ-ಸ್ಟ್ರೋಕ್ ಅವರಿಗೆ ಹೊಸದಲ್ಲ, ಸ್ವಲ್ಪ ವಿವರಿಸಿದರೆ ಸಾಕು, ಹಿಡಿದುಕೊಳ್ಳುತ್ತಾರೆ.

ಈಗ ಆಯ್ಕೆಯ ಭಾಗ. ‘ಗಾಡಿಯ ಕಂಪನಿ, ಸಿಸಿ ಹೇಳಿ ಕೊಂಡುಕೊಳ್ಳಿ’ ಎಂದಿದ್ದೀರಿ. ಹಾಗೆ ಕೊಂಡರೆ ತಪ್ಪು ಗ್ಯಾಸ್ಕೆಟ್ ಬರುವ ಸಾಧ್ಯತೆಯೇ ಹೆಚ್ಚು. ರೋಟಾಕ್ಸ್ 600 ಎಂದರೆ ಕಾರ್ಬ್ಯುರೇಟರಿನದೂ ಇದೆ, ಇಂಜೆಕ್ಟರಿನಿಂದ ಇಂಧನ ಚಿಮ್ಮಿಸುವ ಎಸ್‌ಡಿಐ ಇದೆ, ಇ-ಟೆಕ್ ಇದೆ. ಸಿಸಿ ಒಂದೇ ಆದ ಮಾತ್ರಕ್ಕೆ ಪೋರ್ಟಿನ ಆಕಾರ, ಬೋಲ್ಟಿನ ಅಂತರ ಒಂದೇ ಎಂದು ಹೇಳಲಾಗದು. ಮಾಡೆಲ್ ವರ್ಷವೂ ಮೋಸ ಮಾಡುತ್ತದೆ: 2012ರ ಮಾಡೆಲ್ 2011ರ ಚಳಿಗಾಲಕ್ಕೆ ಮುಂಚೆಯೇ ಮಾರಾಟವಾಗಿರುತ್ತದೆ, ಬಿಲ್ಲಿನ ತಾರೀಖು ನೋಡಿ ಆರ್ಡರ್ ಮಾಡಿದವರು ಹಿಂದಿನ ವರ್ಷದ ಭಾಗ ತರಿಸಿಕೊಳ್ಳುತ್ತಾರೆ. ಟನೆಲ್ (ಸೀಟಿನ ಕೆಳಗೆ ಟ್ರ್ಯಾಕನ್ನು ಮುಚ್ಚುವ ಲೋಹದ ಚೌಕಟ್ಟು) ಮೇಲೆ ಕೊರೆದಿರುವ ವಿಐಎನ್ (ಗಾಡಿಯ ಗುರುತಿನ) ನಂಬರಿನಿಂದ ತಯಾರಕರ ಪಾರ್ಟ್ ನಂಬರ್ ಹುಡುಕಬೇಕು. ಆಮೇಲೆ ಬೇಕಿದ್ದರೆ ಅದೇ ನಂಬರಿಗೆ ಸರಿಹೊಂದುವ, ಬೇರೆ ಕಂಪನಿಗಳಾದ ವಿಂಡರೋಸಾ, ಎಸ್‌ಪಿಐ, ಕಿಂಪೆಕ್ಸ್‌ನ ಗ್ಯಾಸ್ಕೆಟ್ ಕೊಳ್ಳಬಹುದು. ಹಿಂದಿನ ಮಾಲೀಕರು ಬೇರೆ ಕಂಪನಿಯ ಪೈಪ್ ಹಾಕಿಸಿದ್ದರೆ ಗುಂಡು ಕೀಲಿನ ಬಳೆ ಆ ಪೈಪಿನ ತಯಾರಕರದ್ದೇ ಆಗಬೇಕು.

ಗ್ಯಾಸ್ಕೆಟ್ ಕೈಗೆ ಬಂದ ಮೇಲೂ ಒಂದು ಪರೀಕ್ಷೆ ಇದೆ, ಅದನ್ನು ಬಿಡದೆ ಬರೆಯಿರಿ. ಸಿಲಿಂಡರಿನ ಮುಖದ ಮೇಲೆ ಅದನ್ನು ಒಣದಾಗಿಯೇ ಕೂರಿಸಿ ನೋಡಬೇಕು. ಅದರ ಅಂಚು ಎಲ್ಲೂ ಪೋರ್ಟಿನ ತೂತಿನೊಳಗೆ ಚಾಚಿರಬಾರದು. ಚಾಚಿದ ಅಂಚು ಹರಿವಿಗೆ ಅಡ್ಡವಾಗುತ್ತದೆ, ಕಾದು ಉರಿದು ಚೂರಾಗುತ್ತದೆ.

‘ದಪ್ಪ ಗ್ಯಾಸ್ಕೆಟ್ ಒಳ್ಳೆಯದು, ಬೇಕಾದರೆ ಎರಡು ಹಾಕಿ’ ಎಂಬ ಸಾಲು ತಪ್ಪು. ದಪ್ಪಗಿನ ಮೆತ್ತನೆಯ ಪದರ ಬಿಸಿಗೆ ಕುಗ್ಗುತ್ತದೆ, ಬೋಲ್ಟಿನ ಬಿಗಿ ಹೋಗುತ್ತದೆ. ವೈ-ಪೈಪ್ ಹೊರಗೆ ಸರಿದು ಗುಂಡು ಕೀಲು ಓರೆಯಾಗುತ್ತದೆ, ಸ್ಪ್ರಿಂಗ್ ಒಂದು ಕಡೆಗೆ ಎಳೆದು ಕೀಲು ಸವೆಯುತ್ತದೆ. ಹೀಗೆ ಒಂದು ಸೋರಿಕೆ ಮುಚ್ಚಲು ಹೋಗಿ ಇನ್ನೊಂದನ್ನು ಮಾಡಿಕೊಂಡಂತಾಗುತ್ತದೆ. ‘ಎರಡೂ ಕಡೆ ಸಿಲಿಕೋನ್ ಬಳಿಯಿರಿ’ ಎಂಬುದೂ ಹಾಗೆಯೇ. ಅತಿ ಬಿಸಿ ತಡೆಯುವ ತಾಮ್ರ ಬಣ್ಣದ ಸಿಲಿಕೋನ್ ಕೂಡ ಸುಮಾರು 370 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ನಿಲ್ಲುವುದಿಲ್ಲ. ಜೋರಾಗಿ ಓಡಿಸುವಾಗ ಪೋರ್ಟಿನಿಂದ ಬರುವ ಹೊಗೆ 600 ಡಿಗ್ರಿ ದಾಟಬಹುದು. ಸಿಲಿಕೋನ್‌ನ ಜಾಗ ಗುಂಡು ಕೀಲು ಮಾತ್ರ. ಅಲ್ಲೂ ತೆಳುವಾಗಿ ಹಚ್ಚಿ, ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಬೇಕು.

ಬಿಚ್ಚುವ ಹಂತದಲ್ಲಿ ನಿಮ್ಮ ವಿವರ ಚೆನ್ನಾಗಿದೆ. ಸ್ಪ್ರಿಂಗ್ ಕೊಕ್ಕೆ, ಕಣ್ಣಿಗೆ ಕನ್ನಡಕ, ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ, ಎಲ್ಲವೂ ಸರಿ. ಆದರೆ ಹಳೆಯ ಗ್ಯಾಸ್ಕೆಟ್ ಕೆರೆಯುವಾಗ ಚೂರು ಸಿಲಿಂಡರಿಗೆ ಬೀಳದಂತೆ ಏನು ಮಾಡಬೇಕೆಂದು ಹೇಳಿಲ್ಲ. ಪಿಸ್ಟನ್ ಮೇಲಿದ್ದಾಗ ಅದರ ಪಕ್ಕದ ಗೋಡೆಯೇ ಎಕ್ಸಾಸ್ಟ್ ಪೋರ್ಟನ್ನು ಮುಚ್ಚುತ್ತದೆ. ಸಾಮಾನ್ಯ ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಮೇಲಿದ್ದರೆ ಇನ್ನೊಂದು ಕೆಳಗಿರುತ್ತದೆ. ಆದ್ದರಿಂದ ಒಂದೊಂದೇ ಸಿಲಿಂಡರನ್ನು ಸರದಿಯ ಮೇಲೆ ಮಾಡಬೇಕು, ತೆರೆದಿರುವ ಇನ್ನೊಂದಕ್ಕೆ ಬಟ್ಟೆ ತುರುಕಿರಬೇಕು. ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಕೆರೆಗತ್ತಿ ಸಾಕು. ತಿರುಗುವ ಉಜ್ಜುವ ಡಿಸ್ಕ್ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ಡಿಸ್ಕಿನ ಪುಡಿ ಬೇರಿಂಗಿಗೆ ವಿಷ. ತೀರ ಹಳೆಯ ಗಾಡಿಗಳ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಮಾಡಿಯೇ ಕೆರೆಯಬೇಕು, ಮಾಸ್ಕ್ ಹಾಕಿರಬೇಕು.

ತೆಗೆದ ಗ್ಯಾಸ್ಕೆಟ್ ಬಿಸಾಡುವ ಮುನ್ನ ಅದನ್ನು ಓದುವುದು ಹೇಗೆಂದು ಒಂದು ಪ್ಯಾರಾ ಸೇರಿಸಿ. ಒಳಗಿನ ತೂತಿನಿಂದ ಹೊರ ಅಂಚಿಗೆ ಹರಿದ ಕಪ್ಪು ಗೆರೆ ಕಂಡರೆ ಹೊಗೆ ತಪ್ಪಿಸಿಕೊಂಡ ದಾರಿ ಅದೇ. ಫ್ಲ್ಯಾಂಜಿನ ಅದೇ ಜಾಗಕ್ಕೆ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿಯ ಅಗಲ ಅಳೆಯುವ ತೆಳು ಲೋಹದ ಎಲೆಗಳು) ತೂರಿಸಬೇಕು. 0.10 ಮಿ.ಮೀ. ಎಲೆ ಸಲೀಸಾಗಿ ನುಸುಳಿದರೆ ಫ್ಲ್ಯಾಂಜ್ ಸೊಟ್ಟಗಾಗಿದೆ ಎಂದು ಅನುಮಾನಿಸಿ ಸರ್ವಿಸ್ ಮ್ಯಾನ್ಯುಯಲ್ಲಿನ ಮಿತಿ ನೋಡಬೇಕು. ಮಿತಿ ಮೀರಿದ್ದರೆ ಗಾಜಿನ ಮೇಲೆ ಉಪ್ಪುಕಾಗದ ಹರಡಿ ಉಜ್ಜಿ ಸಮ ಮಾಡಬೇಕು, ಇಲ್ಲವೇ ವೈ-ಪೈಪ್ ಬದಲಿಸಬೇಕು. ಇದನ್ನು ಬಿಟ್ಟು ಎಷ್ಟು ದುಬಾರಿ ಗ್ಯಾಸ್ಕೆಟ್ ಹಾಕಿದರೂ ಅದೇ ಜಾಗದಲ್ಲಿ ಮತ್ತೆ ಸೋರುತ್ತದೆ.

‘ಚೆನ್ನಾಗಿ ಬಿಗಿ ಮಾಡಿ’ ಎಂದು ಬರೆಯಬೇಡಿ. ಅಲ್ಯೂಮಿನಿಯಮ್ ಸಿಲಿಂಡರಿನಲ್ಲಿ ಬೋಲ್ಟ್ ಕೂರುವ ತೂತಿನ ಎಳೆ ಹರಿಯುವುದು ಈ ‘ಚೆನ್ನಾಗಿ’ಯಿಂದಲೇ. ಎಂ8 (8 ಮಿ.ಮೀ. ದಪ್ಪದ) ಬೋಲ್ಟಿಗೆ ತಿರುಚಿ ಬಿಗಿಯುವ ಬಲ (ಟಾರ್ಕ್) ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ಆದರೆ ಮ್ಯಾನ್ಯುಯಲ್ಲಿನ ಅಂಕಿಯೇ ಅಂತಿಮ ಎಂದು ಸ್ಪಷ್ಟವಾಗಿ ಹೇಳಿ. ಒಮ್ಮೆ ಅರ್ಧ ಬಿಗಿ, ಇನ್ನೊಮ್ಮೆ ಪೂರ್ತಿ, ಅದೂ ಅಡ್ಡ ಅಡ್ಡವಾಗಿ. ಜೋತುಬಿದ್ದ ಸ್ಪ್ರಿಂಗುಗಳನ್ನು ಇದೇ ಹೊತ್ತಿಗೆ ಬದಲಿಸಲು ಹೇಳಿ.

ಫೋರ್-ಸ್ಟ್ರೋಕ್ ಗಾಡಿಗಳ ಬಗ್ಗೆ ಕೊನೆಯಲ್ಲಿ ತುರುಕಿರುವ ನಾಲ್ಕು ಸಾಲು ಬೇಡ, ಅದು ಬೇರೆಯದೇ ಲೇಖನ. ತಿದ್ದಿದ ಪ್ರತಿಯ ಜೊತೆ ಮೂರು ಫೋಟೋ ಕಳಿಸಿ: ಕಪ್ಪು ಗೆರೆ ಕಾಣುವ ಹಳೆಯ ಗ್ಯಾಸ್ಕೆಟ್, ಪೋರ್ಟಿನ ಮೇಲೆ ಒಣದಾಗಿ ಕೂರಿಸಿದ ಹೊಸದು, ಫೀಲರ್ ಗೇಜ್ ತೂರಿಸಿದ ಫ್ಲ್ಯಾಂಜ್. ಅಕ್ಟೋಬರ್ ಒಳಗೆ ಬಂದರೆ ಹಿಮ ಬೀಳುವ ಮುಂಚೆಯೇ ಹಾಕಬಹುದು.

– ಸಂಪಾದಕ