ಕಪ್ಪೆ ಬಸ್ ಹತ್ತಿತು, ಕ್ಯೂಬ್ ಸರಿಹೋಯಿತು

ರೂಬಿಕ್ಸ್ ಕ್ಯೂಬ್ ಬಗ್ಗೆ ಓದುಗರು ಕೇಳಿದ್ದರಲ್ಲಿ ಈ ಸಲ ಮೂರು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮಡಿಕೇರಿಯಲ್ಲಿ ಮಳೆ ಹಿಡಿದಿದೆ, ಕರೆಂಟ್ ಬಂದು ಹೋಗಿ ಮಾಡುತ್ತಿದೆ. ಹಾಗಾಗಿ ಕತ್ತಲಲ್ಲೂ ಅಭ್ಯಾಸ ಮಾಡಬಹುದಾದ ಪ್ರಶ್ನೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಸಾರ್, ನಾನು ಗೋಣಿಕೊಪ್ಪದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. 3×3 ಕ್ಯೂಬನ್ನು 45 ಸೆಕೆಂಡಿಗೆ ಬಿಡಿಸುತ್ತೇನೆ. ಮೂರು ತಿಂಗಳಿಂದ ಅಲ್ಲೇ ನಿಂತಿದೆ. ಮ್ಯಾಗ್ನೆಟ್ ಇರುವ ಕ್ಯೂಬ್ ತಂದೆ, ಬೆರಳೂ ಜೋರಾಗಿ ಓಡುತ್ತದೆ. ಕೊನೆಯ ಪದರದ ಮೇಲ್ಮೈಗೆ ಒಂದೇ ಬಣ್ಣ ತರುವ ಓಎಲ್‌ಎಲ್‌ನ 57 ಸೂತ್ರ ಕಲಿತರೆ ಸಮಯ ಇಳಿಯುತ್ತಾ?

ಉತ್ತರ: ಈಗಲೇ ಕಲಿತರೆ ಇಳಿಯೋದು ಕಮ್ಮಿ. ಒಂದು ಸಣ್ಣ ಲೆಕ್ಕ ಮಾಡೋಣ. ಕ್ಯೂಬನ್ನು ಹಂತಹಂತವಾಗಿ ಬಿಡಿಸುವ, ನೀವು ಕಲಿತಿರುವ ಸಿಎಫ್‌ಓಪಿ ವಿಧಾನದಲ್ಲಿ ಒಂದು ಕ್ಯೂಬಿಗೆ ಸುಮಾರು 60 ತಿರುವು ಬೇಕು. ಬೆರಳು ಜೋರು ಅಂತೀರಿ, ಸೆಕೆಂಡಿಗೆ ಮೂರು ತಿರುವು ಅಂತಲೇ ಇಟ್ಟುಕೊಳ್ಳಿ. 20 ಸೆಕೆಂಡಿಗೆ ಮುಗಿಯಬೇಕಿತ್ತು. ಉಳಿದ 25 ಸೆಕೆಂಡ್ ಏನಾಯಿತು? ಆಗೆಲ್ಲ ಕ್ಯೂಬ್ ಕೈಯಲ್ಲಿ ಸುಮ್ನೆ ಕೂತಿತ್ತು, ನೀವು ತುಂಡು ಹುಡುಕುತ್ತಿದ್ದಿರಿ.

ನಂಬಿಕೆ ಬರದಿದ್ದರೆ ಫೋನನ್ನು ಒಂದು ಲೋಟಕ್ಕೆ ಒರಗಿಸಿ ವಿಡಿಯೊ ಮಾಡಿ. ಎಲ್ಲೆಲ್ಲಿ ಕೈ ನಿಂತಿತು ಅಂತ ಎಣಿಸಿ. ಬಹುಪಾಲು ನಿಲ್ಲುವುದು ಎಫ್‌2ಎಲ್‌ನಲ್ಲಿ, ಅಂದರೆ ಕೆಳಗಿನ ಎರಡು ಪದರ ತುಂಬುವಾಗ, ಮೂಲೆ-ಅಂಚಿನ ಒಂದು ಜೋಡಿ ಕೂರಿಸಿ ಮುಂದಿನದನ್ನು ಹುಡುಕುವಾಗ. ಕೊಡಗಿನವರಿಗೆ ಹಾಕಿಯ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. ಚೆಂಡು ಸ್ಟಿಕ್‌ಗೆ ಬಂದ ಮೇಲೆ ಯಾರಿಗೆ ಪಾಸ್ ಕೊಡಲಿ ಅಂತ ತಲೆ ಎತ್ತಿದರೆ ಚೆಂಡು ಹೋಯಿತು ಅಂತಲೇ ಲೆಕ್ಕ. ಬರುವ ಮೊದಲೇ ನೋಡಿಟ್ಟುಕೊಂಡಿರಬೇಕು.

ಅದಕ್ಕೆ ಒಂದು ವಾರ ನಿಧಾನ ಮಾಡಿ. ಫೋನಿನಲ್ಲಿ ಮೆಟ್ರೊನೋಮ್ ಹಾಕಿ, ಒಂದು ಟಿಕ್‌ಗೆ ಒಂದೇ ತಿರುವು. ಕೈ ಈ ಜೋಡಿಯನ್ನು ಕೂರಿಸುತ್ತಿರುವಾಗ ಕಣ್ಣು ಮುಂದಿನ ಜೋಡಿಯನ್ನು ಹುಡುಕುತ್ತಿರಬೇಕು. ಟಿಕ್ ತಪ್ಪಿತೋ, ವೇಗ ಇನ್ನೂ ಇಳಿಸಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಟೈಮರ್ ಮಾತ್ರ ಆ ವಾರ ಮುಟ್ಟಬೇಡಿ.

ಸ್ಪರ್ಧೆಯಲ್ಲಿ ಶುರುವಿಗೆ ಮೊದಲು ಕ್ಯೂಬ್ ನೋಡಲು 15 ಸೆಕೆಂಡ್ ಕೊಡುತ್ತಾರೆ. ಅಷ್ಟರಲ್ಲಿ ಮೊದಲ ಹಂತವಾದ ಕ್ರಾಸ್, ಅಂದರೆ ಒಂದು ಮುಖದ ನಾಲ್ಕು ಅಂಚು ಕೂರಿಸುವುದನ್ನು, ಪೂರ್ತಿ ಯೋಚಿಸಿಟ್ಟುಕೊಳ್ಳಿ. ಯಾವ ಕ್ರಾಸ್ ಆದರೂ ಎಂಟು ತಿರುವಿನೊಳಗೆ ಮುಗಿಯುತ್ತದೆ. ಕ್ರಾಸ್ ಕೆಳಗಡೆ ಇರಲಿ. ಮೇಲೆ ಮಾಡಿ ಆಮೇಲೆ ಕ್ಯೂಬ್ ಮಗುಚುವವರು ಅಲ್ಲೇ ಒಂದೆರಡು ಸೆಕೆಂಡ್ ಕಳೆಯುತ್ತಾರೆ. ಸೂತ್ರದ ವಿಷಯಕ್ಕೆ ಬಂದರೆ, ಓಎಲ್‌ಎಲ್ ಎರಡು ಹಂತದಲ್ಲಿ ಮಾಡಲು 10 ಸೂತ್ರ ಸಾಕು. ಅದಾದ ಮೇಲೆ ಕೊನೆಯ ಪದರದ ತುಂಡುಗಳನ್ನು ಅವುಗಳ ಜಾಗಕ್ಕೆ ಸೇರಿಸುವ ಪಿಎಲ್‌ಎಲ್‌ನ 21 ಕಲಿಯಿರಿ. 57 ಎಲ್ಲಿಗೂ ಓಡಿಹೋಗಲ್ಲ.

ಇನ್ನೊಂದು ವಿಷಯ. 1982ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಮಿನ್ ಥಾಯ್ ಸಮಯ 22.95 ಸೆಕೆಂಡ್. ಅದೂ ಆ ಕಾಲದ ಬಿಗಿ ಕ್ಯೂಬಿನಲ್ಲಿ. ನಿಮ್ಮ ಮ್ಯಾಗ್ನೆಟ್ ಕ್ಯೂಬಿನದ್ದು ಏನೂ ತಪ್ಪಿಲ್ಲ!

ಪ್ರಶ್ನೆ: ನಾನು ಸೋಮವಾರಪೇಟೆಯ ಒಂಬತ್ತನೇ ಕ್ಲಾಸ್ ಹುಡುಗಿ. ಕಣ್ಣು ತೆರೆದು 25 ಸೆಕೆಂಡಿಗೆ ಬಿಡಿಸುತ್ತೇನೆ. ಕಣ್ಣು ಕಟ್ಟಿಕೊಂಡು ಬಿಡಿಸೋಕೆ 54 ಬಣ್ಣವನ್ನೂ ನೆನಪಿಡಬೇಕಾ? ವಿಡಿಯೊಗಳಲ್ಲಿ ಎ, ಬಿ, ಸಿ ಅಕ್ಷರ ಜೋಡಿಸಿ ಇಂಗ್ಲಿಷ್ ಪದ ಮಾಡಿ ಅಂತಾರೆ. ನನಗೆ ಒಂದೂ ನೆನಪಲ್ಲಿ ನಿಲ್ಲಲ್ಲ.

ಉತ್ತರ: 54 ಬಣ್ಣ ಯಾರೂ ನೆನಪಿಡುವುದಿಲ್ಲ. ಪ್ರತಿ ಮುಖದ ನಡುವಿನ ತುಂಡು, ಒಟ್ಟು ಆರು, ಕದಲುವುದೇ ಇಲ್ಲ. ಉಳಿದದ್ದು 12 ಅಂಚು, 8 ಮೂಲೆ, ಒಟ್ಟು 20 ತುಂಡು. ಯಾವುದು ಎಲ್ಲಿದೆ ಅಂತಲೂ ನೆನಪಿಡಬೇಕಿಲ್ಲ. ಯಾವುದು ಎಲ್ಲಿಗೆ ಹೋಗಬೇಕು ಅನ್ನುವ ಸಾಲು ಗೊತ್ತಿದ್ದರೆ ಸಾಕು.

ಬೆಂಗಳೂರಿಗೆ ಹೊರಟ ರಿಸರ್ವೇಶನ್ ಬಸ್ ನೆನಪಿಸಿಕೋ. ಎಲ್ಲರೂ ತಪ್ಪು ಸೀಟಿನಲ್ಲಿ ಕೂತಿದ್ದಾರೆ. ಕಂಡಕ್ಟರ್ 1ನೇ ಸೀಟಿನವರನ್ನು ಎಬ್ಬಿಸಿ ಟಿಕೆಟ್ ನೋಡುತ್ತಾರೆ: 14. ಅವರನ್ನು 14ಕ್ಕೆ ಕಳಿಸಿ, ಅಲ್ಲಿದ್ದವರನ್ನು ಎಬ್ಬಿಸುತ್ತಾರೆ. ಅವರ ಟಿಕೆಟ್ 7. ಹೀಗೇ ಹೋಗಿ 1ರ ಟಿಕೆಟ್ ಇರುವವರು ಸಿಕ್ಕಿದಾಗ ಒಂದು ಸುತ್ತು ಮುಗಿಯಿತು. ಇನ್ನೂ ಯಾರಾದರೂ ತಪ್ಪು ಕೂತಿದ್ದರೆ ಅವರಲ್ಲಿ ಒಬ್ಬರನ್ನು ಎಬ್ಬಿಸಿ ಹೊಸ ಸುತ್ತು. ಕ್ಯೂಬಿನಲ್ಲಿ ಆ 1ನೇ ಸೀಟಿಗೆ ಬಫರ್ ಅಂತಾರೆ. ಕಂಡಕ್ಟರ್ ಓದುತ್ತಾ ಹೋದ 14, 7 ಅನ್ನುವ ಸಾಲೇ ನೀನು ನೆನಪಿಡಬೇಕಾದ್ದು. ಅಂಚಿಗೂ ಮೂಲೆಗೂ ಸೇರಿ ಸುಮಾರು 20 ಗುರುತು ಬರುತ್ತದೆ, ಅಂದರೆ ಎರಡೆರಡು ಸೇರಿಸಿದರೆ ಹತ್ತು ಪದ.

ಆ ಪದಗಳನ್ನು ಕನ್ನಡದಲ್ಲೇ ಮಾಡು. ನನ್ನ ಹತ್ತಿರ ಕಲಿಯುವ ಮಕ್ಕಳಿಗೆ ನಾನು ಹೇಳಿಕೊಡೋದು ಹೀಗೆ. ಅಂಚಿನ 24 ಬಣ್ಣದಲ್ಲಿ ಬಫರ್‌ನ ಎರಡು ಬಿಟ್ಟರೆ 22. ಸೀಟಿನ ನಂಬರ್ ಬದಲು ಒಂದೊಂದು ಬಣ್ಣಕ್ಕೆ ಒಂದೊಂದರಂತೆ 22 ಅಕ್ಷರ: ಕ ಖ ಗ ಚ ಜ ಟ ಡ ತ ದ ಧ ನ ಪ ಬ ಭ ಮ ಯ ರ ಲ ವ ಶ ಸ ಹ. ಮೂಲೆಗೆ 21 ಸಾಕು, ಧ ಬಿಡು. ಲ-ಳ ಒಂದೇ, ನ-ಣ ಒಂದೇ, ಪ-ಫ ಒಂದೇ. ಕೊಂಬು, ದೀರ್ಘ, ಸೊನ್ನೆಗೆ ಲೆಕ್ಕವಿಲ್ಲ. ಒತ್ತಿಗೂ ಇಲ್ಲ. ಹಾಗಾಗಿ ಮ-ಲ ಬಂದರೆ ಮಳೆ, ಮಾಲೆ, ಮೊಲ, ಯಾವುದು ಬೇಕಾದರೂ ಆಗಬಹುದು. ಸಂಗೀತ ಕಲಿತವರಿಗೆ ಇದು ಹೊಸದಲ್ಲ. ಮೇಳಕರ್ತ ರಾಗದ ಹೆಸರಿನಲ್ಲಿ ಸಂಖ್ಯೆ ಅಡಗಿಸುವ ಕಟಪಯಾದಿಯೂ ಹೀಗೇ. ಧೀರಶಂಕರಾಭರಣದಲ್ಲಿ ಧ ಅಂದರೆ 9, ರ ಅಂದರೆ 2, ತಿರುಗಿಸಿ ಓದಿದರೆ 29ನೇ ಮೇಳ.

ಉದಾಹರಣೆಗೆ ಅಂಚಿನ ಸಾಲು ಕ ಪ, ಬ ಸ, ಜ ನ, ತ ಟ, ಮ ಲ ಅಂತ ಬಂತು. ಕಪ್ಪೆ ಬಸ್ ಹತ್ತಿತು, ಬಸ್ ತುಂಬಾ ಜೇನು, ಅದನ್ನು ತಟ್ಟೆಯಲ್ಲಿ ಹಿಡಿದು ಮೊಲಕ್ಕೆ ಕೊಟ್ಟಿತು. ಹತ್ತು ಅಕ್ಷರ ಮುಗಿಯಿತು. ಕಥೆ ಎಷ್ಟು ಪೆದ್ದಾಗಿದ್ದರೆ ಅಷ್ಟು ಚೆನ್ನಾಗಿ ನಿಲ್ಲುತ್ತದೆ. ಕ-ಪಗೆ ಕೆಂಪು ಅಂತ ಮಾತ್ರ ಇಡಬೇಡ. ಕೈಯಲ್ಲಿ ಕ್ಯೂಬ್ ಇರುವಾಗ ಬಣ್ಣದ ಹೆಸರು ತಲೆಗೆ ಬಂದರೆ ಗಲಿಬಿಲಿ. ಮನೆಮಾತಿನ ಪದವೂ ನಡೆಯುತ್ತದೆ. ನನ್ನ ಒಬ್ಬ ಶಿಷ್ಯ ಪ-ದಗೆ ಪಂದಿ (ಕೊಡವ ಮಾತಿನಲ್ಲಿ ಹಂದಿ) ಅಂತಿಟ್ಟಿದ್ದಾನೆ. ಅವನಿಗೆ ಅದು ಇವತ್ತಿನವರೆಗೆ ಮರೆತಿಲ್ಲ!

ಬಿಡಿಸುವ ವಿಧಾನಕ್ಕೆ ಓಲ್ಡ್ ಪೋಕ್‌ಮನ್ ಹಿಡಿ. ಒಂದು ಸಲಕ್ಕೆ ಒಂದೇ ತುಂಡು ಸರಿಯಾಗುತ್ತದೆ, ನಿಧಾನ, ಆದರೆ ನಿನಗೆ ಗೊತ್ತಿರುವ ಟಿ-ಪರ್ಮ್ ಸೂತ್ರದಲ್ಲೇ ಅಂಚುಗಳೆಲ್ಲ ಮುಗಿಯುತ್ತವೆ. ಟಿ-ಪರ್ಮ್ ಮೇಲಿನ ಪದರದ ಬಲ ಅಂಚನ್ನು ಎಡ ಅಂಚಿನ ಜೊತೆ ಅದಲುಬದಲು ಮಾಡುತ್ತದೆ, ಅಲ್ವಾ? ಬಲದ್ದು ಬಫರ್. ತುಂಡು ಹೋಗಬೇಕಾದ ಜಾಗವನ್ನು ಕೆಲವು ತಿರುವಿನಲ್ಲಿ ಎಡಕ್ಕೆ ತಂದುಕೋ, ಟಿ-ಪರ್ಮ್ ಮಾಡು, ತಂದ ತಿರುವನ್ನು ವಾಪಸ್ ಮಾಡು. ಮೂಲೆಗೆ ವೈ-ಪರ್ಮ್ ಅನ್ನುವ ಇನ್ನೊಂದು ಸೂತ್ರದ ಒಂದು ಭಾಗ ಬೇಕು. ಅದನ್ನು ಆಮೇಲೆ ಕಲಿ.

ಇಲ್ಲೊಂದು ಗುಂಡಿ ಇದೆ. ಟಿ-ಪರ್ಮ್ ಪ್ರತಿ ಸಲವೂ ಬಲಗಡೆಯ ಎರಡು ಮೂಲೆಗಳನ್ನೂ ಅದಲುಬದಲು ಮಾಡುತ್ತದೆ. ಸಮ ಸಂಖ್ಯೆಯಲ್ಲಿ ಮಾಡಿದರೆ ಅವು ತಮ್ಮ ಜಾಗಕ್ಕೆ ವಾಪಸ್. ಬೆಸ ಆದರೆ ಅದಲುಬದಲಾಗಿಯೇ ಉಳಿದುಬಿಡುತ್ತವೆ. ಅರ್ಧದಷ್ಟು ಸಲ ಹೀಗಾಗುತ್ತದೆ, ಅದಕ್ಕೆ ಪ್ಯಾರಿಟಿ ಅಂತಾರೆ. ಅಂಚಿನ ಅಕ್ಷರ ಎಣಿಸು. ಬೆಸ ಬಂದರೆ ಅಂಚು ಮುಗಿದ ಮೇಲೆ, ಮೂಲೆಗೆ ಹೋಗುವ ಮೊದಲು ಪ್ಯಾರಿಟಿಯ ಸೂತ್ರ ಒಂದು ಸಲ ಹಾಕಬೇಕು.

ಅಭ್ಯಾಸಕ್ಕೆ ಇವತ್ತು ಕರೆಂಟ್ ಹೋದಾಗಲೇ ಶುರು ಮಾಡು. ಸರಿಯಾಗಿರುವ ಕ್ಯೂಬ್ ಹಿಡಿದು ಆರ್, ಯು, ಆರ್ ಪ್ರೈಮ್, ಯು ಪ್ರೈಮ್ (ಆರ್ ಅಂದರೆ ಬಲ ಮುಖ, ಯು ಅಂದರೆ ಮೇಲಿನ ಮುಖ, ಪ್ರೈಮ್ ಅಂದರೆ ಉಲ್ಟಾ ತಿರುವು) ಅನ್ನು ಕತ್ತಲಲ್ಲೇ ಆರು ಸಲ ಮಾಡು. ಕರೆಂಟ್ ಬಂದಾಗ ಕ್ಯೂಬ್ ಮೊದಲಿನ ಹಾಗೇ ಇದ್ದರೆ ನಿನ್ನ ಬೆರಳಿಗೆ ಕಣ್ಣು ಬೇಕಿಲ್ಲ ಅಂತಾಯಿತು. ಆಮೇಲೆ ಕೆಲವು ದಿನ ಅಕ್ಷರಗಳನ್ನು ಕಾಗದದಲ್ಲಿ ಬರೆದು, ಅದನ್ನೇ ನೋಡಿಕೊಂಡು ಕಣ್ಣು ಬಿಟ್ಟೇ ಬಿಡಿಸು. ಆಮೇಲೆ ಅಂಚು ಮಾತ್ರ ಕಣ್ಣು ಮುಚ್ಚಿ. ಎರಡೂ ಸೇರಿಸುವಾಗ ಮೂಲೆಯನ್ನು ಮೊದಲು ಕಥೆ ಮಾಡಿ ಇಟ್ಟುಕೋ, ಅಂಚನ್ನು ಕೊನೆಗೆ ಬಾಯಲ್ಲಿ ಗುನುಗಿಕೋ. ಬಿಡಿಸುವಾಗ ಗುನುಗಿದ್ದು ಮೊದಲು, ಏಕೆಂದರೆ ಅದು ಬೇಗ ಹಾರಿಹೋಗುತ್ತದೆ. ಮೊದಲ ಸಲ ಕಾಲು ಗಂಟೆ ಹಿಡಿದರೂ ಚಿಂತೆಯಿಲ್ಲ.

ಸ್ಪರ್ಧೆಯಲ್ಲಿ ನೆನಪಿಡುವ ಸಮಯವೂ ಟೈಮರ್‌ಗೆ ಸೇರುತ್ತದೆ. ಬಟ್ಟೆ ಕಟ್ಟಿದ ಮೇಲೂ ತೀರ್ಪುಗಾರರು ನಿನ್ನ ಮುಖಕ್ಕೂ ಕ್ಯೂಬಿಗೂ ನಡುವೆ ಒಂದು ರಟ್ಟು ಹಿಡಿಯುತ್ತಾರೆ. ನನ್ನ ಮೊದಲ ಸ್ಪರ್ಧೆಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೆ ಬಟ್ಟೆ ಕಟ್ಟಲು ಕ್ಯೂಬ್ ಮೇಜಿನ ಮೇಲಿಟ್ಟೆ. ಮತ್ತೆ ಎತ್ತಿಕೊಂಡಾಗ ಹಸಿರು ನನ್ನ ಕಡೆ ಇರಬೇಕಿತ್ತು, ಕೆಂಪು ಬಂದಿತ್ತು. ಬಟ್ಟೆ ತೆಗೆದಾಗ ಕ್ಯೂಬ್ ಶುರುವಿಗಿಂತ ಹದಗೆಟ್ಟಿತ್ತು. ಈಗ ಬಟ್ಟೆಯನ್ನು ಮೊದಲೇ ಹಣೆಗೆ ಕಟ್ಟಿಕೊಂಡಿರುತ್ತೇನೆ. ನೆನಪಾದ ಕೂಡಲೇ ಒಂದು ಕೈಯಲ್ಲಿ ಕೆಳಗೆ ಎಳೆಯುತ್ತೇನೆ, ಇನ್ನೊಂದು ಕೈ ಕ್ಯೂಬ್ ಬಿಡುವುದಿಲ್ಲ. ನೀನೂ ಹಾಗೇ ಮಾಡು.

ಪ್ರಶ್ನೆ: ನಮ್ಮದು ವಿರಾಜಪೇಟೆ. ಮಳೆ ಶುರುವಾದ ಮೇಲೆ ಕ್ಯೂಬ್ ಬಿಗಿಯಾಯಿತು ಅಂತ ಮಗ ಅದಕ್ಕೆ ಕೊಬ್ಬರಿ ಎಣ್ಣೆ ಹಾಕಿದ್ದಾನೆ. ಈಗ ತಿರುಗುವುದೇ ಇಲ್ಲ. ಬಿಸಾಡಬೇಕಾ?

ಉತ್ತರ: ಬಿಸಾಡಬೇಡಿ ಅಮ್ಮ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಮಳೆಗಾಲದಲ್ಲಿ ಬಾಟಲಿಯಲ್ಲಿ ಆಗುವುದೇ ಕ್ಯೂಬಿನೊಳಗೂ ಆಗಿದೆ. ಅಂಚು, ಮೂಲೆ ತುಂಡುಗಳನ್ನು ಬಿಚ್ಚಿ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆಯಿರಿ. ಸ್ಕ್ರೂ, ಸ್ಪ್ರಿಂಗ್ ಇರುವ ನಡುವಿನ ಭಾಗಕ್ಕೆ ನೀರು ಬೇಡ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೇಗ ಒಣಗಲಿ ಅಂತ ಒಲೆಯ ಹತ್ತಿರ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಫ್ಯಾನ್ ಕೆಳಗೆ ಒಂದು ದಿನ ಬಿಡಿ. ಆಮೇಲೆ ಕ್ಯೂಬಿಗೆಂದೇ ಸಿಗುವ ಸಿಲಿಕೋನ್ ಲ್ಯೂಬ್ ಎರಡು ಹನಿ ಹಾಕಿ. ಮೂರನೆಯದು ಹಾಕಿದರೆ ಕ್ಯೂಬ್ ಅವನ ಕೈಯಿಂದಲೇ ಜಾರುತ್ತದೆ.