ಓದುಗರ ಪ್ರಶ್ನೆ: ಫೀ ಮಾಫಿ ಸಿಕ್ಕರೆ ವಿಮಾನದ ಟಿಕೆಟ್ಟೂ ಸಿಕ್ಕಂತಲ್ಲ

ಹೊಸ ವರ್ಷ ಶುರುವಾದರೆ ಸಾಕು, ಇಂಥ ಪತ್ರಗಳು ಬರತೊಡಗುತ್ತವೆ. ಯುರೋಪಿನವರಿಗೆ ಬೇಸಿಗೆ ಅಂದರೆ ಜೂನ್‌ನಿಂದ ಆಗಸ್ಟ್, ನಮಗೆ ಇಲ್ಲಿ ಮಳೆಗಾಲ. ಆ ದಿನಗಳಲ್ಲಿ ನಡೆಯುವ ಸಾಹಿತ್ಯದ ಬೇಸಿಗೆ ಶಾಲೆಗಳ ಸ್ಕಾಲರ್‌ಶಿಪ್ಪಿಗೆ ಅರ್ಜಿ ಕರೆಯುವುದು ಹೆಚ್ಚಾಗಿ ಜನವರಿಯಿಂದ ಏಪ್ರಿಲ್ ಒಳಗೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಧಾರವಾಡದಲ್ಲಿ ಎಂ.ಎ. ಇಂಗ್ಲಿಷ್ ಓದುತ್ತಿದ್ದೇನೆ. ಐರ್ಲೆಂಡಿನ ಸ್ಲೈಗೋದಲ್ಲಿ ಕವಿ ಯೇಟ್ಸ್ ಹೆಸರಿನಲ್ಲಿ ನಡೆಯುವ ಬೇಸಿಗೆ ಶಾಲೆಗೆ ಅರ್ಜಿ ಹಾಕುವ ಆಸೆ. ಸ್ಕಾಲರ್‌ಶಿಪ್ ಸಿಕ್ಕರೆ ಎಲ್ಲ ಖರ್ಚೂ ಅವರದೇ ಅಂತ ಸೀನಿಯರ್ ಒಬ್ಬರು ಹೇಳಿದರು. ಅಪ್ಪ ಬಸ್ ಕಂಡಕ್ಟರ್. ಮನೆಯಲ್ಲಿ ಎಷ್ಟು ದುಡ್ಡು ಕೇಳಲಿ? — ಧಾರವಾಡ

ನಿಮ್ಮ ಸೀನಿಯರ್ ಹೇಳಿದ ಮಾತನ್ನು ಮೊದಲು ಬದಿಗಿಡಿ. ಬೇಸಿಗೆ ಶಾಲೆಗಳ ಸ್ಕಾಲರ್‌ಶಿಪ್ ಅಂದರೆ ಬಹಳಷ್ಟು ಕಡೆ ಕೋರ್ಸಿನ ಫೀ ಮಾಫಿ, ಅಷ್ಟೇ. ಕೆಲವರು ಉಳಿದುಕೊಳ್ಳಲು ಕೋಣೆ ಕೊಡುತ್ತಾರೆ. ವಿಮಾನದ ಖರ್ಚು ಕೊಡುವವರು ಬಹಳ ಕಡಿಮೆ. ಅದೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಯಾಕಂದರೆ ಆ ದುಡ್ಡು ಬರುವುದು ದಾನಿಗಳಿಂದ. ಆದ್ದರಿಂದ ಅರ್ಜಿ ಹಾಕುವ ಮುಂಚೆಯೇ ಒಂದು ಇಮೇಲ್ ಬರೆದು ಫೀ, ವಸತಿ, ಊಟ, ಪ್ರಯಾಣ ಇವುಗಳಲ್ಲಿ ಯಾವುದು ಸೇರಿದೆ ಅಂತ ನೇರವಾಗಿ ಕೇಳಿ. ಕೇಳಿದರೆ ಅರ್ಜಿಗೆ ಪೆಟ್ಟು ಬೀಳುತ್ತದೆ ಅನ್ನುವ ಸಂಕೋಚ ಬೇಡ.

ಈಗ ಲೆಕ್ಕ. ಬೆಂಗಳೂರಿನಿಂದ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ಗೆ ನೇರ ವಿಮಾನ ಇಲ್ಲ. ದುಬೈ, ಅಬುಧಾಬಿ ಅಥವಾ ದೋಹಾದಲ್ಲಿ ಇಳಿದು ಹತ್ತಬೇಕು. ಈ ಶಾಲೆ ನಡೆಯುವ ಜುಲೈ ಕೊನೆ, ಆಗಸ್ಟ್ ಆರಂಭ ಅಲ್ಲಿ ಪ್ರವಾಸಿಗರ ಸೀಸನ್. ಹೋಗಿ ಬರುವ ಟಿಕೆಟ್ ಒಂದು ಲಕ್ಷದ ಆಸುಪಾಸಿಗೆ ಮುಟ್ಟುವುದುಂಟು, ಬೇಗ ಬುಕ್ ಮಾಡಿದರೆ ಸ್ವಲ್ಪ ಇಳಿಯುತ್ತದೆ. ಡಬ್ಲಿನ್‌ನಿಂದ ಸ್ಲೈಗೋಗೆ ರೈಲಿದೆ, ಸುಮಾರು ಮೂರು ಗಂಟೆ. ವೀಸಾ ಫೀ 60 ಯೂರೋ. ಒಂದು ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ಕೂಟದಲ್ಲಿ ಐರ್ಲೆಂಡ್ ಇಲ್ಲ. ಜರ್ಮನಿಗೋ ಫ್ರಾನ್ಸಿಗೋ ಹೋಗುವ ವೀಸಾ ಅಲ್ಲಿ ನಡೆಯುವುದಿಲ್ಲ, ಬೇರೆಯದೇ ಬೇಕು. ಪ್ರಯಾಣಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ತೀರ್ಮಾನಕ್ಕೆ ಎಂಟು ವಾರ ಹಿಡಿಯಬಹುದು ಅಂತ ಲೆಕ್ಕ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. 36 ಪುಟದ್ದಕ್ಕೆ 1,500 ರೂಪಾಯಿ. ತತ್ಕಾಲ್‌ಗೆ ಮೇಲೆ 2,000 ಕೊಡಬೇಕು, ಅದು ಸುಮ್ನೆ ದಂಡ.

ಬ್ಯಾಂಕ್ ಸ್ಟೇಟ್‌ಮೆಂಟ್ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಉಪಾಯ ಚಾಲ್ತಿಯಲ್ಲಿದೆ. ವೀಸಾ ಅರ್ಜಿಗೆ ವಾರ ಮುಂಚೆ ಮಾವನ ಹತ್ತಿರ ಐದು ಲಕ್ಷ ಕೈಗಡ ತಂದು ಖಾತೆಗೆ ಹಾಕುವುದು. ಇದನ್ನು ಮಾಡಬೇಡಿ. ವೀಸಾ ಅಧಿಕಾರಿಗಳು ನೋಡುವುದು ಆರು ತಿಂಗಳ ವಹಿವಾಟು. ಅಲ್ಲಿಯವರೆಗೆ ಎಂಟು ಹತ್ತು ಸಾವಿರ ಆಡುತ್ತಿದ್ದ ಖಾತೆಗೆ ಒಮ್ಮೆಲೇ ಐದು ಲಕ್ಷ ಬಂದು ಕೂತರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಅದಕ್ಕಿಂತ ತಿಂಗಳು ತಿಂಗಳು ಸಂಬಳ ಬಿದ್ದದ್ದು ಕಾಣುವ ನಿಮ್ಮ ಅಪ್ಪನ ಖಾತೆ ಎಷ್ಟೋ ವಾಸಿ. ಅದರ ಜೊತೆ ಖರ್ಚು ನಾನು ನೋಡಿಕೊಳ್ಳುತ್ತೇನೆ ಅನ್ನುವ ಅವರ ಪತ್ರ, ಶಾಲೆಯವರು ಯಾವುದನ್ನು ಭರಿಸುತ್ತಾರೆ ಅನ್ನುವ ಪತ್ರ, ವಾಪಸ್ ಬಂದು ಕೋರ್ಸ್ ಮುಗಿಸುತ್ತಾಳೆ ಅಂತ ನಿಮ್ಮ ವಿಭಾಗದ ಪತ್ರ ಇರಲಿ. ವೀಸಾ ತಿರಸ್ಕಾರವಾದರೆ ಎರಡು ತಿಂಗಳೊಳಗೆ ಮೇಲ್ಮನವಿ ಹಾಕಬಹುದು, ಅದಕ್ಕೆ ಫೀ ಇಲ್ಲ.

ಸರ್ಕಾರದ ಸ್ಕಾಲರ್‌ಶಿಪ್ ಸಿಗುತ್ತದಾ ಅಂತ ಹಲವರು ಕೇಳುತ್ತಾರೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇರುವುದು ಸ್ನಾತಕೋತ್ತರ ಪದವಿ, ಪಿಎಚ್.ಡಿ.ಗೆ. ಒಂದೆರಡು ವಾರದ ಶಾಲೆಗೆ ಅದು ಒದಗುವುದಿಲ್ಲ.

ಅರ್ಜಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಠಾಗೋರರ ಗೀತಾಂಜಲಿಗೆ 1912ರಲ್ಲಿ ಯೇಟ್ಸ್ ಮುನ್ನುಡಿ ಬರೆದದ್ದನ್ನು ಮೊದಲ ಸಾಲಿಗೇ ಹಾಕಬೇಡಿ. ಭಾರತದಿಂದ ಹೋಗುವ ಅರ್ಜಿಗಳಲ್ಲಿ ಅದು ಇದ್ದೇ ಇರುತ್ತದೆ ಅಂದುಕೊಳ್ಳಿ. ಭಾರತದ ನಂಟೇ ಬೇಕಿದ್ದರೆ ಪುರೋಹಿತ ಸ್ವಾಮಿಯ ಜೊತೆ ಸೇರಿ ಯೇಟ್ಸ್ ಹತ್ತು ಉಪನಿಷತ್ತುಗಳನ್ನು ಇಂಗ್ಲಿಷಿಗೆ ತಂದದ್ದಿದೆ, 1937ರಲ್ಲಿ ಬಂತು. ಅದನ್ನು ಓದಿ, ಆಮೇಲೆ ಯೇಟ್ಸ್‌ನ ಕೊನೆಯ ಕವನಗಳನ್ನು ಓದಿ, ಏನು ಅನ್ನಿಸಿತು ಅಂತ ಬರೆಯಿರಿ. ಧಾರವಾಡದವರಾದ್ದರಿಂದ ಬೇಂದ್ರೆಯವರನ್ನು ತರುವ ಆಸೆ ಆಗೇ ಆಗುತ್ತದೆ. ಖಂಡಿತ ತನ್ನಿ. ಬೇಂದ್ರೆ ಕರ್ನಾಟಕದ ಯೇಟ್ಸ್ ಅಂತ ಮಾತ್ರ ಬರೆಯಬೇಡಿ ಮಾರಾಯ್ತಿ.

ಶಿವಮೊಗ್ಗ ಜಿಲ್ಲೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕ. ಬಿ.ಎ. ತರಗತಿಗೆ ಜೇಮ್ಸ್ ಜಾಯ್ಸ್‌ನ ‘ಎವಲೀನ್’ ಕಥೆ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹುಡುಗಿಯರು ಆ ಕಥೆಯ ಕೊನೆಯ ಬಗ್ಗೆ ಜಗಳವಾಡುತ್ತಾರೆ, ಅದೇ ಒಂದು ಮಜಾ. ಇಟಲಿಯ ಟ್ರಿಯೆಸ್ಟ್ ಜಾಯ್ಸ್ ಶಾಲೆಗೆ ಸ್ಕಾಲರ್‌ಶಿಪ್ ಅರ್ಜಿ ಬರೆದಿದ್ದೇನೆ, ಪ್ರತಿ ಲಗತ್ತಿಸಿದ್ದೇನೆ. ಹೇಗಿದೆ ಹೇಳಿ. — ಶಿವಮೊಗ್ಗ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಸಾರ್. ನಮಗೆ ಬರೆದ ನಾಲ್ಕು ಸಾಲಿನ ಪತ್ರ ಚೆನ್ನಾಗಿದೆ, ಎರಡು ಪುಟದ ಅರ್ಜಿ ಚೆನ್ನಾಗಿಲ್ಲ. ಬಾಲ್ಯದಿಂದಲೂ ಸಾಹಿತ್ಯವೇ ನನ್ನ ಉಸಿರು, ಜಾಯ್ಸ್ ಇಪ್ಪತ್ತನೆಯ ಶತಮಾನದ ಮೇರು ಪ್ರತಿಭೆ, ನಿಮ್ಮ ಸಂಸ್ಥೆ ವಿಶ್ವವಿಖ್ಯಾತ. ಇದನ್ನು ಯಾರು ಬೇಕಾದರೂ ಬರೆಯಬಹುದು. ಚಾಟ್‌ಜಿಪಿಟಿಯಂತೂ ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದು ಕೊಡುತ್ತದೆ. ಜಾಯ್ಸ್ ದೊಡ್ಡ ಲೇಖಕ ಅಂತ ಜಾಯ್ಸ್ ಶಾಲೆಯವರಿಗೇ ಹೇಳುವುದು ಯಾಕೆ?

ನಿಮ್ಮ ಹತ್ತಿರ ಇರುವ ಸರಕು ನೋಡಿ. ಎವಲೀನ್ ಹತ್ತೊಂಬತ್ತರ ಹುಡುಗಿ. ಪ್ರೀತಿಸಿದ ನಾವಿಕ ಫ್ರ್ಯಾಂಕ್ ಜೊತೆ ಬ್ಯೂನಸ್ ಐರಿಸ್‌ಗೆ ಓಡಿಹೋಗಲು ಹೊರಟವಳು ಹಡಗುಕಟ್ಟೆಯಲ್ಲಿ ಕಬ್ಬಿಣದ ಕಂಬಿ ಹಿಡಿದು ನಿಂತುಬಿಡುತ್ತಾಳೆ. ಸಾಯುವ ಮುಂಚೆ ಅಮ್ಮನಿಗೆ ಮಾತು ಕೊಟ್ಟಿದ್ದಾಳೆ, ಮನೆ ನಡೆಸುತ್ತೇನೆ ಅಂತ. ನೋಡಿಕೊಳ್ಳಲು ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ವಿಮರ್ಶಕರು ಬಹಳಷ್ಟು ಜನ ಇದನ್ನು ಡಬ್ಲಿನ್‌ಗೆ ಬಡಿದ ಲಕ್ವ ಅಂತ ಓದುತ್ತಾರೆ. ನಿಮ್ಮ ತರಗತಿಯ ಹುಡುಗಿಯರು ಏನಂತಾರೆ? ಜಗಳ ಯಾವುದರ ಬಗ್ಗೆ? ಮದುವೆಯಾಗಿ ಓದು ಮುಂದುವರಿಸಿದವಳು ಏನಂದಳು, ಬೆಂಗಳೂರಿನ ಗಾರ್ಮೆಂಟ್ಸಿಗೆ ಅಕ್ಕನನ್ನು ಕಳಿಸಿದ ಮನೆಯವಳು ಏನಂದಳು? ಅರ್ಜಿ ಅಲ್ಲಿಂದಲೇ ಶುರುವಾಗಲಿ. ಹೀಗೆ ಬರೆಯಬಹುದು:

“ಎವಲೀನ್ ಹಡಗು ಹತ್ತದಿದ್ದದ್ದು ಹೇಡಿತನ ಅಂತ ನಾನು ಪಾಠ ಮಾಡುತ್ತಿದ್ದೆ. ನನ್ನ ವಿದ್ಯಾರ್ಥಿನಿಯರಲ್ಲಿ ಕೆಲವರು ಒಪ್ಪಲಿಲ್ಲ. ಆ ಮಕ್ಕಳಿಗೆ ಮರುದಿನ ಬೆಳಿಗ್ಗೆ ತಿಂಡಿ ಯಾರು ಮಾಡುತ್ತಾರೆ ಎಂದು ಕೇಳಿದರು. ಈ ಪ್ರಶ್ನೆ ಇಟ್ಟುಕೊಂಡು ಡಬ್ಲಿನರ್ಸ್ ಸಂಕಲನದ ಉಳಿದ ಹೆಂಗಸರನ್ನು ಮತ್ತೆ ಓದಬೇಕಿದೆ.”

ಇದು ಮಾದರಿ ಅಷ್ಟೇ, ಹಾಗೇ ನಕಲು ಮಾಡಬೇಡಿ. ನಿಮ್ಮ ಹುಡುಗಿಯರು ನಿಜವಾಗಿ ಆಡಿದ ಮಾತು ಹಾಕಿ. ಇನ್ನೊಂದು ಎಳೆಯೂ ಇದೆ. ಈ ಕಥೆ ಮೊದಲು ಅಚ್ಚಾದದ್ದು 1904ರ ಸೆಪ್ಟೆಂಬರ್‌ನಲ್ಲಿ. ಮುಂದಿನ ತಿಂಗಳೇ ಜಾಯ್ಸ್ ತನ್ನ ಗೆಳತಿ ನೋರಾಳನ್ನು ಕರೆದುಕೊಂಡು ಡಬ್ಲಿನ್‌ನಿಂದ ಹಡಗು ಹತ್ತಿದ. ತನ್ನ ಕಥೆಯ ಹುಡುಗಿ ಹತ್ತಲಾರದ ಹಡಗನ್ನು ನೋರಾ ಹತ್ತಿದಳು! ಅವರಿಬ್ಬರೂ ಮುಂದೆ ಬಿಡಾರ ಹೂಡಿದ್ದು ಟ್ರಿಯೆಸ್ಟ್‌ನಲ್ಲಿ, ಅಲ್ಲಿ ಅವನು ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆದ. ಇಂಗ್ಲಿಷ್ ಮೇಷ್ಟ್ರಾಗಿ ನೀವು ಆ ಊರಿಗೇ ಯಾಕೆ ಹೋಗಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಒಂದು ಪುಟ ಸಾಕು. ಕೊನೆಯ ಪ್ಯಾರಾದಲ್ಲಿ ವಾಪಸ್ ಬಂದ ಮೇಲೆ ಏನು ಮಾಡುತ್ತೀರಿ ಅಂತ ಬರೆಯಿರಿ, ಅದೂ ಮಾಡಲು ಆಗುವಂಥದ್ದೇ. ಬಡತನದ ಕಥೆ ಹೇಳಿಕೊಳ್ಳುವುದು ಬೇಡ. ಸಂಬಳ ಇಷ್ಟು, ಇಷ್ಟು ನಾನು ಹಾಕಬಲ್ಲೆ, ಇಷ್ಟು ಕೊರತೆ ಅಂತ ಎರಡೇ ಸಾಲು ಸಾಕು. ಇಟಲಿಗೆ ಷೆಂಗೆನ್ ವೀಸಾ ಬೇಕು, ಫೀ 90 ಯೂರೋ, ಜೊತೆಗೆ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ. ಶಾಲೆ ನಡೆಯುವುದು ಜೂನ್ ಕೊನೆ, ಜುಲೈ ಮೊದಲ ವಾರದ ಹೊತ್ತಿಗೆ. ಸರ್ಕಾರಿ ಕಾಲೇಜಾದರೆ ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ಈಗಲೇ ಫೈಲ್ ಓಡಿಸಿ. ವೀಸಾಕ್ಕಿಂತ ಅದೇ ನಿಧಾನ.

ನಾನು ಓದಿದ್ದು ಎಂ.ಎ. ಕನ್ನಡ. ಇಂಗ್ಲಿಷ್ ಓದುತ್ತೇನೆ, ಮಾತಾಡಲು ಹೆದರಿಕೆ. ಕಥೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿ ಡ್ರಾಯರಿನಲ್ಲಿ ಇಟ್ಟಿದ್ದೇನೆ. ನನ್ನಂಥವರಿಗೆ ಏನಾದರೂ ಇದೆಯಾ? — ಮೈಸೂರು

ಇದೆ. ಇಂಗ್ಲೆಂಡಿನ ನಾರಿಚ್‌ನಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಸಾಹಿತ್ಯ ಅನುವಾದ ಕೇಂದ್ರ ಬೇಸಿಗೆ ಶಾಲೆ ನಡೆಸುತ್ತದೆ. ಕಾದಂಬರಿಕಾರ ಸೆಬಾಲ್ಡ್ 1989ರಲ್ಲಿ ಕಟ್ಟಿದ ಕೇಂದ್ರ ಅದು. ಅಲ್ಲಿ ಭಾಷಣ ಕೇಳುವುದಕ್ಕಿಂತ ಕೆಲಸ ಜಾಸ್ತಿ. ಅನುಭವಿ ಅನುವಾದಕರ ಜೊತೆ ಒಂದು ಗುಂಪು ಕೂತು ಒಂದೊಂದೇ ವಾಕ್ಯವನ್ನು ಜಗ್ಗಾಡುತ್ತದೆ. ಯಾವ ಭಾಷೆಯ ಗುಂಪುಗಳಿವೆ ಅನ್ನುವುದು ಪ್ರತಿ ವರ್ಷ ಬೇರೆ. ಕನ್ನಡಕ್ಕೇ ಅಂತ ಇಲ್ಲದಿದ್ದರೆ ಬಹುಭಾಷಾ ಗುಂಪಿದೆಯಾ ನೋಡಿ. ಕೆಲವು ವರ್ಷ ಆನ್‌ಲೈನ್‌ನಲ್ಲೂ ನಡೆದಿದೆ, ಹಾಗಾದರೆ ವೀಸಾ ತಲೆನೋವೇ ಇಲ್ಲ. ಹೋಗುವುದಾದರೆ ಆರು ತಿಂಗಳೊಳಗಿನ ಇಂಥ ಓದಿಗೆ ಬ್ರಿಟನ್ನಿನ ಸಂದರ್ಶಕ ವೀಸಾ ಸಾಕು. ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಅಂತ ಒಂದಿದೆ. ಭಾರತದಲ್ಲೇ ಇರುವ ಬರಹಗಾರರು, ಕಲಾವಿದರಿಗೆ ಬ್ರಿಟನ್ನಿಗೆ ಹೋಗಿಬರಲು ಅನುದಾನ ಕೊಡುತ್ತದೆ. ಅದರ ನಿಯಮಗಳನ್ನೂ ಒಮ್ಮೆ ಓದಿ.

ಮಾತಿನ ಹೆದರಿಕೆ ಬಿಡಿ, ಅಲ್ಲಿಗೆ ಬರುವ ಅನೇಕರಿಗೆ ಇಂಗ್ಲಿಷ್ ಎರಡನೆಯದೋ ಮೂರನೆಯದೋ ಭಾಷೆ. ಡ್ರಾಯರಿನಲ್ಲಿ ಇರುವುದನ್ನು ಹೊರಗೆ ತೆಗೆಯಿರಿ. ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡ್‌ನಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿಯವರದ್ದು. ಈಗ ಕನ್ನಡ ಅಂದರೆ ಯಾವುದು ಅಂತ ಮೊದಲಿನಷ್ಟು ವಿವರಿಸಬೇಕಿಲ್ಲ. ಆದರೆ ಮೂಲ ಲೇಖಕರ ಒಪ್ಪಿಗೆ ಪತ್ರ ಇಲ್ಲದೆ ಮಾದರಿ ಪುಟ ಕಳಿಸಬೇಡಿ.

ಶಿಫಾರಸು ಪತ್ರ ಕೇಳಿದರೆ ನಮ್ಮ ಪ್ರೊಫೆಸರ್ “ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ” ಅನ್ನುತ್ತಾರೆ. ಬರೆಯಬಹುದಾ? — ಕಲಬುರಗಿ

ಬೇಡ. ನಿಮ್ಮ ಅರ್ಜಿಯ ಇಂಗ್ಲಿಷೂ ಶಿಫಾರಸಿನ ಇಂಗ್ಲಿಷೂ ಒಂದೇ ಕೈಯದ್ದು ಅಂತ ಓದುವವರಿಗೆ ಗೊತ್ತಾಗಿಬಿಡುತ್ತದೆ. ಅವರಿಗೆ ನಿಮ್ಮ ಒಂದು ಒಳ್ಳೆ ಪ್ರಬಂಧ, ಅರ್ಜಿಯ ಪ್ರತಿ, ಕೊನೆಯ ತಾರೀಕು ಬರೆದ ಚೀಟಿ ಕೊಟ್ಟು ಬನ್ನಿ. ಆಗಲೂ ಬರೆಯದಿದ್ದರೆ ನಿಮ್ಮನ್ನು ಚೆನ್ನಾಗಿ ಬಲ್ಲ ಅತಿಥಿ ಉಪನ್ಯಾಸಕರನ್ನು ಕೇಳಿ. ಹೆಸರಿನ ಮುಂದೆ ಡಾಕ್ಟರ್ ಇಲ್ಲದಿದ್ದರೂ ನಡೆಯುತ್ತದೆ.

ಬ್ಯಾಂಕಿನಿಂದ ನಿವೃತ್ತ, ವಯಸ್ಸು 63, ಕವಿತೆಯ ಹುಚ್ಚು. ನಾನೂ ಹೋಗಬಹುದೇ? — ಬೆಂಗಳೂರು

ಧಾರಾಳವಾಗಿ. ಸ್ಲೈಗೋ, ಟ್ರಿಯೆಸ್ಟ್ ಎರಡೂ ಕಡೆ ಸಾಮಾನ್ಯ ಓದುಗರೂ ಬರುತ್ತಾರೆ, ಡಿಗ್ರಿ ಕೇಳುವುದಿಲ್ಲ. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಚರ್ಚೆ, ಸಂಜೆ ಕಾವ್ಯವಾಚನ. ಬೆನ್‌ಬಲ್ಬನ್ ಬೆಟ್ಟದ ಕೆಳಗೆ ಡ್ರಮ್‌ಕ್ಲಿಫ್‌ನಲ್ಲಿ ಯೇಟ್ಸ್ ಸಮಾಧಿ ಇದೆ, ಅದನ್ನೂ ನೋಡಿ ಬರಬಹುದು. ಸ್ಕಾಲರ್‌ಶಿಪ್ ಮಾತ್ರ ಹುಡುಗರಿಗೆ ಬಿಟ್ಟುಕೊಡಿ, ನಿಮಗೆ ಪೆನ್ಷನ್ ಇದೆಯಲ್ಲ. ಸ್ವೆಟರ್, ಕೊಡೆ ಎರಡನ್ನೂ ಮರೆಯಬೇಡಿ, ಅಲ್ಲಿನ ಆಗಸ್ಟ್ ನಮ್ಮ ಮಡಿಕೇರಿಗಿಂತ ತಣ್ಣಗೆ.

ವಿಶ್ವ ಸಾಹಿತ್ಯ ಶಾಲೆಗೆ ಆಯ್ಕೆಯಾಗಿದ್ದೀರಿ, ಪ್ರೊಸೆಸಿಂಗ್ ಶುಲ್ಕ 15,000 ಕಟ್ಟಿ ಅಂತ ಇಮೇಲ್ ಬಂದಿದೆ. ನಾನು ಅರ್ಜಿಯೇ ಹಾಕಿರಲಿಲ್ಲ. ಕಟ್ಟಲಾ? — ಹುಬ್ಬಳ್ಳಿ

ಅರ್ಜಿ ಹಾಕದೆ ಆಯ್ಕೆ ಹೇಗಾಗುತ್ತದೆ ಸ್ವಾಮಿ? ಕಟ್ಟಬೇಡಿ. ಈಗಾಗಲೇ ಕಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬ್ಯಾಂಕಿಗೂ ತಿಳಿಸಿ.