ಬೇರೆಯವರು ಚಕ್ರ ಹಾಕಿಕೊಟ್ಟರೆ ಗೆಲುವು ಯಾರದು?

ಪ್ರಶ್ನೆ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ರೇಸನ್ನು ಮಗನ ಜತೆ ನೋಡಿದೆ. ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಪಂಕ್ಚರ್ ಆಗಿ ನಿಂತ, ಯಾರೋ ಬೇರೆ ಚಕ್ರ ಹಾಕಿಕೊಟ್ಟರು, ಕೊನೆಗೆ ಚಿನ್ನವೂ ಅವನಿಗೇ. ಇದು ನ್ಯಾಯವೇ? ಇನ್ನೊಂದು: ಮಗ ಕಾಫಿ ತೋಟದ ದಾರಿಯಲ್ಲಿ ಸೈಕಲ್ ಓಡಿಸುತ್ತಾನೆ. ಗಾಳಿ ಗಟ್ಟಿಯಾಗಿ ತುಂಬಿಸಿದರೂ ಪಂಕ್ಚರ್ ತಪ್ಪಿಲ್ಲ.
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಖಂಡಿತ ನ್ಯಾಯವೇ. ಹಿಂದೆ ಹೊರಗಿನವರು ಕೈಹಚ್ಚುವ ಹಾಗಿರಲಿಲ್ಲ, ಸವಾರನೇ ಟ್ಯೂಬು, ಪಂಪು ಹೊತ್ತು ದಾರಿಬದಿ ಕೂತು ರಿಪೇರಿ ಮಾಡಿಕೊಳ್ಳಬೇಕಿತ್ತು. ಈಗ ಗುರುತು ಮಾಡಿದ ಜಾಗದಲ್ಲಿ ಮಾತ್ರ ಹೊರಗಿನವರ ಸಹಾಯ ಪಡೆಯಬಹುದು, ಎಲ್ಲ ತಂಡಕ್ಕೂ ಒಂದೇ ನಿಯಮ. ಪಂಕ್ಚರ್ ಎಲ್ಲೇ ಆಗಲಿ, ಅಲ್ಲಿಯವರೆಗೆ ಸವಾರ ತಾನೇ ಬರಬೇಕು. ಪಿಡ್‌ಕಾಕ್ ಬಂದ. ಮುಂದಿನ ಚಕ್ರ ಬದಲಾಗುವಷ್ಟರಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು ಹೋಗಿತ್ತು, ಮುಂದಿದ್ದವನು ಹಲವರ ಹಿಂದೆ ಬಿದ್ದಿದ್ದ.

ಆಮೇಲೆ ಅವನು ಓಡಿಸಿದ ರೀತಿಯನ್ನು ಮಗನಿಗೆ ಇನ್ನೊಮ್ಮೆ ತೋರಿಸಿ. ರೇಸ್ ನಡೆದ ಎಲಾಂಕೂರ್ ಗುಡ್ಡ ಮೊದಲು ಕಲ್ಲುಗಣಿ, ಮಣ್ಣು-ಕಟ್ಟಡದ ಅವಶೇಷ ತುಂಬಿ ಎತ್ತರಿಸಿದ್ದು. ಏರು ದೊಡ್ಡದಲ್ಲ, ಆದರೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು, ಉಸಿರು ತಿರುಗಲು ಬಿಡುವಿಲ್ಲ. ಅಂಥಲ್ಲಿ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ಬಂದು ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿಯನ್ನು ಹಿಡಿದ. ಕೊನೆಯ ಸುತ್ತಿನಲ್ಲಿ ಮರವೊಂದರ ಎರಡೂ ಬದಿಗೆ ದಾರಿ ಸೀಳಿತ್ತು. ಕೊರೆಟ್ಸ್ಕಿ ಒಂದು ಬದಿ ಹಿಡಿದ, ಇವನು ಇನ್ನೊಂದರಿಂದ ನುಗ್ಗಿದ. ದಾರಿ ಕೂಡುವಲ್ಲಿ ಇಬ್ಬರೂ ತಗುಲಿದರು, ಆದರೂ ಇವನೇ ಮುಂದೆ. ಗೆದ್ದದ್ದು 9 ಸೆಕೆಂಡಿನಿಂದ. ಫ್ರೆಂಚ್ ಪ್ರೇಕ್ಷಕರು ಕೂಗಾಡಿದರು, ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಗೆಲುವು ಕಾಲಿನದು, ಕಣ್ಣಿನದು. ಚಕ್ರದ್ದಲ್ಲ.

ಈಗ ಮಗನ ಸೈಕಲ್. ಗಟ್ಟಿ ಗಾಳಿ ಮುಳ್ಳನ್ನು ತಡೆಯುವುದಿಲ್ಲ, ಒದ್ದೆ ಬೇರಿನ ಮೇಲೆ ಚಕ್ರ ಜಾರಿಸುತ್ತದೆ ಅಷ್ಟೆ. ಹಾಗಂತ ಟ್ಯೂಬ್ ಇದ್ದಾಗ ಗಾಳಿ ತೀರಾ ಇಳಿಸಿದರೆ ಕಲ್ಲಿಗೆ ಬಡಿದು ರಿಮ್ಮಿನಂಚಿಗೆ ಟ್ಯೂಬ್ ಕಚ್ಚಿಕೊಂಡು ತೂತಾಗುತ್ತದೆ. ರಿಮ್ಮು, ಟೈರು ಎರಡೂ ಒಪ್ಪುವಂಥದ್ದಾದರೆ ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲಂಟ್ ಎಂಬ ಅಂಟು ದ್ರವ ಹಾಕಿಸಿ. ಸಣ್ಣ ಮುಳ್ಳಿನ ತೂತನ್ನು ಅದು ಓಡುತ್ತಲೇ ಮುಚ್ಚುತ್ತದೆ. ಹುಡುಗ ಐವತ್ತು-ಅರವತ್ತು ಕೆಜಿಯಾದರೆ, 2.2 ಇಂಚಿನ ಟ್ಯೂಬ್‌ಲೆಸ್ ಟೈರಿಗೆ 22 ಪಿಎಸ್‌ಐ ಗಾಳಿಯಿಂದ ಶುರುಮಾಡಿ, ರಿಮ್ಮು ಕಲ್ಲಿಗೆ ತಾಗಿದರೆ ಸ್ವಲ್ಪ ಏರಿಸಿ. ಸೀಲಂಟ್ ಕೆಲವೇ ತಿಂಗಳಲ್ಲಿ ಒಣಗುತ್ತದೆ. ಚಕ್ರ ಬಿಚ್ಚಿ ಕಿವಿ ಹತ್ತಿರ ಹಿಡಿದು ಕುಲುಕಿ ನೋಡಿ, ಸದ್ದು ಬರದಿದ್ದರೆ ಮತ್ತೆ ತುಂಬಿಸಿ.